ಹುಳಮನೆಯಲ್ಲಿ ಹುರಿಹಿಟ್ಟು

ಸದ್ದು ನಿಂತುಹೋಗಿದೆ — ಯಾವಾಗ ನಿಂತಿತೋ, ಹಿತ್ತಲಿಗೆ ಹೋಗುವಾಗ ಇತ್ತಲ್ಲ, ಹೆಂಚಿನ ಮೇಲೆ ಸಣ್ಣ ಮಳೆ ಹುಯ್ಯುವ ಹಾಗೆ ಚರಚರ ಚರಚರ, ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಮದುವೆಯಾಗಿ ಈ ಶಿಡ್ಲಘಟ್ಟದ ಮನೆಗೆ ಬಂದ ಮೇಲೆ ನಿದ್ದೆಯಲ್ಲೂ ಕೇಳಿಸುತ್ತಿದ್ದ ಸದ್ದು, ಈಗ ಇಲ್ಲ, ಅಕ್ಕಯ್ಯಮ್ಮ ಹುಳಮನೆ ಬಾಗಿಲಿನ ಗೋಣಿಪರದೆ ಹಿಡಿದುಕೊಂಡೇ ನಿಂತುಬಿಟ್ಟಳು, ಕಣ್ಣು ನಿಧಾನವಾಗಿ ಕತ್ತಲಿಗೆ ಹೊಂದಿಕೊಂಡಿತು, ಹೊಂದಿಕೊಳ್ಳದಿದ್ದರೇ ಚೆನ್ನಾಗಿತ್ತು, ಬಿದಿರು ತಟ್ಟೆಗಳ ತುಂಬ ಹುಳುಗಳು ತಲೆ ಎತ್ತಿಕೊಂಡು ನಿಂತಿವೆ, ಒಂದಾದರೂ ಬಾಯಿ ಆಡಿಸುತ್ತಿಲ್ಲ, ಬೆಳಿಗ್ಗೆ ಹಾಕಿದ ಸೊಪ್ಪು ಹಾಗ್ಹಾಗೇ ಬಾಡುತ್ತಿದೆ, ಅಯ್ಯೋ ನನ್ನ ಕರ್ಮವೇ, ಹೊಗೆ ತಗುಲಿತು, ನನ್ನ ಬಾಯಿಚಪಲ ಇಷ್ಟನ್ನೂ ಕೊಂದಿತು, ಕೈ ಮೂಸಿ ನೋಡಿಕೊಂಡಳು, ಇನ್ನೂ ಘಮಘಮ, ಹುರಿದ ರಾಗಿಯ ವಾಸನೆ, ಸೆರಗಿನಲ್ಲೂ ಅದೇ, ಕೂದಲಲ್ಲೂ ಅದೇ. ಬಂದ ಹೊಸತರಲ್ಲೇ ಅತ್ತೆ ಆದಿಲಕ್ಷ್ಮಮ್ಮ ಹೇಳಿದ್ದರಲ್ಲ, ಹುಳ ಮನೇಲಿರೋವರ್ಗೂ ಒಗ್ಗರಣೆ ಇಲ್ಲ, ಹಪ್ಪಳ ಸುಡೋಂಗಿಲ್ಲ, ಹುರಿಯೋದಂತೂ ಬಾಯಲ್ಲೂ ಎತ್ಬೇಡ ಕಣಮ್ಮ, ಹುರಿದ್ ವಾಸ್ನೆ ಮೂಗಿಗೆ ಬಿದ್ರೆ ಮೇವು ಬಿಟ್ಟು ಸೊರಗಿ ಸಾಯ್ತವೆ, ಅವತ್ತು ಅವಳು ನಕ್ಕಿದ್ದಳು, ಹುಳಕ್ಕೂ ಮೂಗಿರ್ತದಾ ಅತ್ತೆ, ಅತ್ತೆ ನಕ್ಕಿರಲಿಲ್ಲ, ಇವತ್ತು ಇವಳಿಗೂ ನಗು ಬರುತ್ತಿಲ್ಲ, ಹೊಟ್ಟೆಯ ಮೇಲೆ ಎಡಗೈ ಇದೆ, ನಿನ್ನೆಯಿಂದ ಆ ಕೈ ಅಲ್ಲೇ ಇದೆ, ಅದರ ಬಗ್ಗೆ ಬೇಡ, ಈಗ ಅದರ ಬಗ್ಗೆ ಬೇಡ.

ಎಲ್ಲ ಆ ಅಜ್ಜಿಯಿಂದಲೇ, ಮಂಡಿಕಲ್ಲಿನ ಓಬಳಮ್ಮಜ್ಜಿ, ಸತ್ತು ಎಷ್ಟು ಕಾಲವಾದರೂ ನಾಲಿಗೆ ಮೇಲೆ ಕೂತಿದ್ದಾಳೆ — ರಾತ್ರಿ ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿಡುತ್ತಾಳೆ, ಬೆಳಿಗ್ಗೆ ಕಾದ ಬಾಣಲೆಗೆ ಸುರಿದು ಬಟ್ಟೆಯುಂಡೆಯಿಂದ ತಿರುವುತ್ತಾಳೆ, ಚಟಪಟ ಚಟಪಟ, ಕೆಂಪು ರಾಗಿ ಬಿಳಿ ಅರಳಾಗಿ ಒಲೆಯಾಚೆ ಎಗರುತ್ತದೆ, ಲಂಗದ ಹುಡುಗಿ ಅಕ್ಕಯ್ಯ ಅದನ್ನು ಆರಿಸಿ ಆರಿಸಿ ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಳ್ಳುತ್ತಾಳೆ, ಆಮೇಲೆ ಬೀಸುಕಲ್ಲಿನ ಗುರಗುರ, ಆಮೇಲೆ ಕಂಚಿನ ಬಟ್ಟಲಲ್ಲಿ ಹುರಿಹಿಟ್ಟು, ನಡುವೆ ಒಂದು ಗುಳಿ, ಗುಳಿಗೆ ಬಿಸಿ ಹಾಲು, ಚಿಕ್ಕಬಳ್ಳಾಪುರದ ಸಂತೆಯ ಬೆಲ್ಲ, ಆಹಾ, ತಿನವೇ ತಲ್ಲಿ, ತಿನ್ನೇ ತಾಯಿ, ಬಾಯಲ್ಲಿ ಹಿಟ್ಟಿದ್ದಾಗ ನಗಬ್ಯಾಡ್ವೆ, ನೆತ್ತಿಗೆ ಹತ್ತುತ್ತೆ ಅನ್ನುತ್ತಿದ್ದ ಅಜ್ಜಿಯೇ ನಗಿಸುತ್ತಿದ್ದಳು, ಸ್ಕೂಲಿನಲ್ಲಿ ಕೊಡುತ್ತಿದ್ದ ಅಮೆರಿಕದ ಹಾಲಿನ ಪುಡಿಯನ್ನು ಪೊಟ್ಟಣ ಕಟ್ಟಿ ತಂದು ಹುರಿಹಿಟ್ಟಿಗೆ ಕಲಸಿದರೆ ಅಂಗುಳಕ್ಕೆ ಅಂಟಿಕೊಂಡು ಮಾತೇ ಹೊರಡುತ್ತಿರಲಿಲ್ಲ, ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಬಯ್ಯಪ್ಪ ಒಂದು ಸಲ ದೊರೆಗಳು ಬೆಳಿಗ್ಗೆ ತಿನ್ನುವ ತಿಂಡಿ ಅಂತ ತಗಡಿನ ಡಬ್ಬದಲ್ಲಿ ಓಟ್ಸು ತಂದಿದ್ದ, ಅಜ್ಜಿ ಬೇಯಿಸಿ ಮೂಸಿ, ಇದೇನೋ ಬಯ್ಯ, ಗೋಡೆಗೆ ಕಾಗ್ದ ಅಂಟ್ಸೋ ಗೋಂದು ತಂದಿದ್ದೀಯಲ್ಲೋ, ಅಂತ ಕರುವಿನ ಮುಂದೆ ಇಟ್ಟಳು, ಕರುವೂ ಮೂತಿ ತಿರುಗಿಸಿತು, ಡಬ್ಬ ಮಾತ್ರ ಅಜ್ಜಿಗೆ ಹಿಡಿಸಿತು, ಅದರಲ್ಲೇ ಹುರಿಹಿಟ್ಟು ತುಂಬಿಟ್ಟುಕೊಂಡಳು. ಅದೇ ಅಜ್ಜಿ, ಚಿಕ್ಕಮ್ಮ ಬಸುರಿಯಾಗಿದ್ದಾಗ ಹೇಳಿದ್ದು, ಬಸುರಿ ಬಯಸಿದ್ದು ಕೊಡ್ದೇ ಇದ್ರೆ ಹೊಟ್ಟೇಲಿರೋ ಮಗ ಮುನಿಸ್ಕೊಳುತ್ತೆ ಕಣ್ರೇ, ಮುನಿಸಿಕೊಂಡರೆ ಏನು ಮಾಡುತ್ತೆ ಅಜ್ಜಿ, ಮಾತು ಬಿಡುತ್ತೆ, ಒದೆಯೋದು ಬಿಡುತ್ತೆ — ಥೂ, ಯಾಕೆ ಕೇಳಿದೆ, ಆ ವಯಸ್ಸಿನಲ್ಲಿ ನನಗೆ ಯಾಕೆ ಬೇಕಿತ್ತು ಅದು.

ನಿನ್ನೆ ಮಧ್ಯಾಹ್ನದಿಂದ ಒದ್ದಿಲ್ಲ. ಹೂಂ, ಅದೇ. ಎಷ್ಟು ಸುತ್ತಿ ಬಂದರೂ ಅದೇ ಬಾಗಿಲು. ದಿನಾ ಬೆಳಿಗ್ಗೆ ಸೊಪ್ಪು ಹಾಕಿ ಚರಚರ ಶುರುವಾದ ಕೂಡಲೇ ಒಳಗಿಂದ ಒಂದು ಗುದ್ದು, ಎಡಪಕ್ಕೆಗೆ, ಅಬ್ಬಬ್ಬಾ ಅನ್ನುವ ಹಾಗೆ, ಗಂಡ ಚನ್ನಕೇಶವನಿಗೂ ಕೈಯಿಟ್ಟು ತೋರಿಸಿದ್ದಳು, ಅವನು ಹೆದರಿ ಕೈ ತೆಗೆದಿದ್ದ, ಹುಳ ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆ ಬೇಕು ಅಂತ ಚಿಂತಾಮಣಿಗೆ ಹೋಗಿದ್ದಾನೆ ಈಗ, ಇದ್ದಿದ್ದರೆ ಏನು ಮಾಡುತ್ತಿದ್ದ, ಹೋದ ವರ್ಷ ಮೊದಲನೆಯದು ಮೂರೇ ತಿಂಗಳಿಗೆ ಜಾರಿಹೋದಾಗ ಗೋಡೆ ನೋಡಿಕೊಂಡು ಕೂತಿದ್ದ, ಬೀದಿ ಹೆಂಗಸರು ಏನಂದರು, ಹುಳಾನೇ ನಿಭಾಯ್ಸಕ್ಕೆ ಬರ್ದಿರೋ ಕೈ, ಮಗಾ ನಿಲ್ತದಾ, ಇದು ನಿಂತಿತು, ಎಂಟನೇ ತಿಂಗಳವರೆಗೂ ಬಂತು, ಅದಕ್ಕೇ ಒದ್ದಿಲ್ಲ ಅಂತ ಅತ್ತೆಗೆ ಹೇಳಲಿಲ್ಲ, ಬಾಯಿ ಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಅಂತ ಭಯ, ಮುನಿಸು ಅಷ್ಟೇ, ಎರಡು ತಿಂಗಳಿಂದ ಬಾಯಿ ಹುರಿಹಿಟ್ಟು ಹುರಿಹಿಟ್ಟು ಅನ್ನುತ್ತಿತ್ತಲ್ಲ, ಕೊಡಲಿಲ್ಲ, ಮುನಿಸಿಕೊಂಡಿದೆ, ಕೊಟ್ಟರೆ ಏಳುತ್ತದೆ, ರಾತ್ರಿಯೇ ಒಂದು ಬೊಗಸೆ ರಾಗಿ ಮಜ್ಜಿಗೆ ನೀರಿನಲ್ಲಿ ಕಲಸಿ ಬಚ್ಚಿಟ್ಟಳು, ಅತ್ತೆ ಸೊಪ್ಪಿಗೆ ತೋಟಕ್ಕೆ ಹೋದದ್ದೇ ತಡ, ಹುಲ್ಲಿನ ಮೆದೆಯ ಹಿಂದೆ ಕಲ್ಲು ಹೂಡಿ ಬೆಂಕಿ ಮಾಡಿದಳು, ಗಾಳಿ ಆಚೆ ಕಡೆಗೆ ಬೀಸುತ್ತಿತ್ತು, ನೋಡಿಕೊಂಡೇ ಹಚ್ಚಿದ್ದು, ದೇವರಾಣೆ, ರಾಗಿ ಅರಳುವ ಹೊತ್ತಿಗೆ ಗಾಳಿ ತಿರುಗಿತು, ಹೊಗೆ ಸೀದಾ ಹುಳಮನೆ ಕಿಟಕಿಗೆ, ಅವಳು ಸೆರಗು ಬೀಸಿದಳು, ಬಾಣಲೆ ಇಳಿಸಲಿಲ್ಲ, ಇಳಿಸಬಹುದಿತ್ತು, ಇಳಿಸಲಿಲ್ಲ, ಒರಳಲ್ಲಿ ಕುಟ್ಟಿ ಬೆಲ್ಲ ಕಲಸಿ ನಿಂತಲ್ಲೇ ತಿಂದಳು, ಏಳಪ್ಪಾ, ಏಳು ನಮ್ಮಪ್ಪ, ನೋಡು ನಿನಗೇ ಮಾಡಿದ್ದು, ಅಜ್ಜಿ ರುಚಿಯೇ ಬಂದಿತ್ತು, ಅದೇ ಮಂಡಿಕಲ್ಲಿನ ಬೆಳಗು ಬಾಯಿ ತುಂಬ, ಕೈ ಹೊಟ್ಟೆಯ ಮೇಲೆ, ಕಾದಳು, ಬಟ್ಟಲು ಬರಿದಾಯಿತು. ಆಮೇಲೆ ಇಲ್ಲಿಗೆ ಬಂದರೆ ಹುಳುಗಳೂ ಹೀಗೆ.

ಏನೇ ಅದು, ಹುರಿದ್ ವಾಸ್ನೆ — ಬೆನ್ನ ಹಿಂದೆ ಅತ್ತೆ, ತಲೆ ಮೇಲೆ ಸೊಪ್ಪಿನ ಹೊರೆ, ಮೂಗು ಅರಳಿದೆ, ನಾನೇ ಅತ್ತೆ, ನಾನೇ ಹುರಿದೆ, ತಡೆಯಕ್ಕಾಗಲಿಲ್ಲ, ಹುಳ ಎಲ್ಲಾ ಹೋಯ್ತು, ಬಯ್ಯಿರಿ ಅತ್ತೆ, ಹೊರೆ ದೊಪ್ಪನೆ ಬಿತ್ತು, ನಿನ್ ಬಾಯಿಗೆ ಮಣ್ಣ್ ಹಾಕ, ಏನ್ ಕೆಲ್ಸ ಮಾಡ್ದೆ ತಾಯಿ, ಅತ್ತೆ ಪರದೆ ನೂಕಿಕೊಂಡು ಒಳನುಗ್ಗಿದರು, ತಟ್ಟೆಗೆ ಬಗ್ಗಿದರು, ತೋರುಬೆರಳ ತುದಿಯಿಂದ ಒಂದು ಹುಳುವನ್ನು ಮೆಲ್ಲಗೆ ಮುಟ್ಟಿದರು, ಎತ್ತಿದ ತಲೆ ಒಂಚೂರು ಅತ್ತಿತ್ತ ಆಡಿತು, ಇನ್ನೊಂದು ಮುಟ್ಟಿದರು, ಅದೂ ಆಡಿತು, ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಗಲು ಶುರು ಮಾಡಿದರು, ಥೂ ಹುಚ್ಮುಂಡೇದೆ, ಜೀವ ಹೋಗಿತ್ತಲ್ಲೇ ನಂದು, ಜ್ವರಕ್ಕೆ ಕೂತವೆ ಕಣೇ, ನಾಳೆ ಅಂದ್ಕೊಂಡಿದ್ದೆ, ಸೆಕೆಗೆ ಇವತ್ತೇ ಕೂತವೆ, ಪೊರೆ ಬಿಡೋ ಮುಂಚೆ ಹಿಂಗೇ ಮೇವು ಬಿಟ್ಟು ತಲೆ ಎತ್ಕೊಂಡಿರ್ತವೆ, ನಾಳೆ ಎದ್ರೆ ನೋಡು, ಸೊಪ್ಪು ಸಾಲ್ದು ನಿಂಗೆ, ಬದುಕಿವೆ, ಎಲ್ಲ ಬದುಕಿವೆ, ಅಕ್ಕಯ್ಯಮ್ಮ ಹೊಸ್ತಿಲ ಮೇಲೆ ಕೂತಳು, ಅತ್ತೆ ಇನ್ನೂ ಮಾತಾಡುತ್ತಲೇ ಇದ್ದಾರೆ, ಹುರಿಟ್ಟು ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ ಯಾರ್ ಮನೇಲಾದ್ರೂ ಹುರ್ಸಿ ತಂದ್ಕೊಡ್ತಿರ್ಲಿಲ್ವಾ ನಾನು, ಕದ್ದು ತಿನ್ಬೇಕಾ, ಹೋಗ್ಲಿ ಬಿಡು, ತಿಂದ್ಯಲ್ಲ, ತಿಂದ್ಮೇಲೆ ಮಗ ಖುಷಿಯಾಗಿ ಒದೀತಾ.

ಹುಳುಗಳ ಭಯ ಹೋಯಿತು, ಅದರ ಹಿಂದೆ ಅಡಗಿ ಕೂರಲು ಇನ್ನು ಏನೂ ಇಲ್ಲ. ಅತ್ತೆ ಅವಳ ಮುಖ ನೋಡಿದರು, ಎಡಗೈ ನೋಡಿದರು, ಯಾವಾಗ್ನಿಂದ ಅಂದರು, ನಿನ್ನೆ ಅಂದಳು, ಅತ್ತೆ ಕುಕ್ಕರಗಾಲಲ್ಲಿ ಕೂತು ಅವಳ ಕೈ ಸರಿಸಿ ತಮ್ಮ ಅಂಗೈ ಇಟ್ಟರು, ಸೊಪ್ಪು ಕೊಯ್ದ ತಣ್ಣಗಿನ ಕೈ, ಇಲ್ಲಿ, ಇಲ್ಲ ಇನ್ನೊಂಚೂರು ಕೆಳಗೆ ಅತ್ತೆ, ಎಡಕ್ಕೆ, ದಿನಾ ಅಲ್ಲೇ ಗುದ್ದುವುದು, ಅತ್ತೆ ತೋರುಬೆರಳ ತುದಿಯಿಂದ ಮೆಲ್ಲಗೆ ಒತ್ತಿದರು, ಕಾದರು, ಮತ್ತೆ ಒತ್ತಿದರು, ಬೆರಳಡಿ ಏನೂ ಆಡಲಿಲ್ಲ, ಜ್ವರಕ್ಕೆ ಕೂತಿದೆ ಅನ್ನಿ ಅತ್ತೆ, ಪೊರೆ ಬಿಡುತ್ತಿದೆ ಅನ್ನಿ, ನಾಳೆ ಏಳುತ್ತೆ ಅನ್ನಿ, ಹಲ್ಲಿನ ಸಂದಿಯಲ್ಲಿ ಇನ್ನೂ ಸಿಹಿ, ಅನ್ನಿ ಅತ್ತೆ — ಅತ್ತೆಯ ಭುಜದಾಚೆ ತಟ್ಟೆ, ತಟ್ಟೆಯ ತುಂಬ ಎತ್ತಿದ ತಲೆಗಳು, ಮುಚ್ಚಿದ ಬಾಯಿಗಳು, ಸದ್ದಿಲ್ಲ, ಎತ್ತಿದ ತಲೆಗಳು, ಎತ್ತಿದ ತಲೆಗಳು