ಬ್ಯಾಟರಿಗೆ ಬಿಟ್ಟ ತೀರ್ಥ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಮರುಳಸಿದ್ದಪ್ಪ ಸಾಹುಕಾರರ ಹಳೇ ಕಾರಿಗೆ ನಾನು ಹೊಸ ಡ್ರೈವರ್. ಅವರ ಮಗಳನ್ನು ಮದುವೆ ಮುಹೂರ್ತಕ್ಕೆ ಸರಿಯಾಗಿ ಮಡಿಕೇರಿಗೆ ತಲುಪಿಸಿದರಷ್ಟೇ ಕೆಲಸ ಕಾಯಂ.

"ಬ್ಯಾಟರಿಗೆ ಬಾವಿ ನೀರು ಹಾಕ್ಬೇಡ, ಶುದ್ಧ ನೀರೇ ಆಗ್ಬೇಕು" ಎಂದು ಮೆಕ್ಯಾನಿಕ್ ಬೆಳ್ಯಪ್ಪ ಹೇಳಿದ್ದ. ಕಾವೇರಿ ತೀರ್ಥಕ್ಕಿಂತ ಶುದ್ಧವಾದದ್ದು ಯಾವುದಿದೆ? ಒಳಗಿದ್ದ ಹುಳಿ ನೀರನ್ನೆಲ್ಲ ಚೆಲ್ಲಿ, ತಲಕಾವೇರಿಯಿಂದ ತಂದಿಟ್ಟಿದ್ದ ತೀರ್ಥ ತುಂಬಿಸಿ ಕೈಮುಗಿದೆ. ಚೆಲ್ಲಿದ ಕಡೆ ಹುಲ್ಲು ಸುಟ್ಟುಹೋಯಿತು. ಕಾರಿನ ಪಾಪವೆಲ್ಲ ಕಳೆಯಿತು ಎಂದುಕೊಂಡೆ.

ಮದುವೆಯ ಬೆಳಗ್ಗೆ ಕಾರು ಕೆಮ್ಮಲೂ ಇಲ್ಲ. ಅರ್ಧ ಊರೇ ಸೇರಿ ತಳ್ಳಿತು. ಬೆಳ್ಯಪ್ಪ ಬಂದು, ವಿಷಯ ಕೇಳಿ, ಹಣೆ ಚಚ್ಚಿಕೊಂಡ.

"ಆಸಿಡ್ ಚೆಲ್ಲಿ, ಸಾಯೋರ ಬಾಯಿಗೆ ಬಿಡೋದನ್ನ ಬಿಟ್ಟಿದ್ದೀಯಲ್ಲಾ ಮಾರಾಯಾ, ಇನ್ನೆಲ್ಲಿ ಏಳ್ತದೆ!"

ಮದುಮಗಳು ಬಸ್ಸು ಹತ್ತಿದಳು. ಮದುವೆ ಸಮಯಕ್ಕೇ ನಡೆಯಿತಂತೆ. ನನ್ನ ಕೆಲಸ ಅದಕ್ಕೂ ಮೊದಲೇ ಹೋಗಿತ್ತು.