ಚಿನ್ನದ ಉಂಗುರದ ಸಿಗಾರು

ಬೀಗ ರಿಪೇರಿಯವನಿಗೆ ಇದ್ದದ್ದು ಒಂದೇ ಚಟ, ಅದನ್ನೂ ಅವನು ಚಟವೆಂದು ಒಪ್ಪುತ್ತಿರಲಿಲ್ಲ. ಸಿಗರೇಟು ಸೇದುವವರನ್ನು ಕಂಡರೆ ಮೂಗು ಮುರಿಯುತ್ತಿದ್ದ. ಅವರು ಹೊಗೆ ನುಂಗುವವರು, ತಾನು ರುಚಿ ನೋಡುವವನು. ವಾರಕ್ಕೊಂದೇ ಸಿಗಾರು, ಭಾನುವಾರ ಸಂಜೆ, ಗೆಳೆಯನ ತಂಬಾಕಿನಂಗಡಿಯ ಹಿಂದಿನ ಕೋಣೆಯಲ್ಲಿ. ವಾರವಿಡೀ ಕೀಲಿ ಉಜ್ಜಿ ಕಪ್ಪಾದ ಬೆರಳುಗಳನ್ನು ಅಂದು ಸೋಪು ಹಚ್ಚಿ ತಿಕ್ಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದ.

"ಮದುವೆ ದಿನಾನೂ ಇಷ್ಟು ನೀಟಾಗಿರಲಿಲ್ಲ ನಿಮ್ಮಪ್ಪ," ಎಂದು ಹೆಂಡತಿ ಮಗಳ ಹತ್ತಿರ ಹೇಳಿ ನಗುತ್ತಿದ್ದಳು.

ಈ ವಿದ್ಯೆಗೆ ಆ ಗೆಳೆಯನೇ ಗುರು. ಇಬ್ಬರಿಗೂ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ ಬೀಗದವನು ಮೊದಲ ಸಿಗಾರನ್ನು ಸಿಗರೇಟಿನ ಹಾಗೆ ಎಳೆದು, ಕೆಮ್ಮಿ ಕೆಮ್ಮಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದಿದ್ದ. "ಒಳಗೆ ಎಳ್ಕೋಬೇಡ ಕಣೋ, ಬಾಯಲ್ಲಿ ಆಡಿಸಿ ಬಿಟ್ಬಿಡು," ಎಂದು ಗೆಳೆಯ ಬೆನ್ನು ಸವರಿದ್ದ. ತುದಿ ಕತ್ತರಿಸುವುದು, ಬೂದಿಯನ್ನು ಉದುರಿಸದೆ ಕಾಪಾಡುವುದು, ಸಿಗಾರಿನ ಸೊಂಟಕ್ಕೆ ಸುತ್ತಿದ ಕಾಗದದ ಉಂಗುರವನ್ನು ಬಿಸಿ ತಾಕಿ ಅಂಟು ಸಡಿಲವಾದ ಮೇಲೆಯೇ ಜಾರಿಸುವುದು, ಎಲ್ಲವನ್ನೂ ಕಲಿಸಿದ್ದ.

ಶಿಷ್ಯ ಗುರುವನ್ನೇ ಮೀರಿಸಿದ. ಹೊಗೆಯನ್ನು ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, "ಮೊದಲು ಒಣಮರ, ಆಮೇಲೆ ಹುರಿದ ಬಾದಾಮಿ," ಎನ್ನುತ್ತಿದ್ದ. "ನಿನ್ನ ನಾಲಿಗೆಗೆ ಕೈ ಮುಗೀಬೇಕು," ಎನ್ನುತ್ತಿದ್ದ ಗೆಳೆಯ. ಬೀಗದವನನ್ನು ಯಾರು ತಾನೆ ಹೊಗಳುತ್ತಾರೆ? ಬಾಗಿಲು ತೆರೆಯಿತೆಂದರೆ ಜನ ಒಳಗೆ ನುಗ್ಗಿಬಿಡುತ್ತಾರೆ. ಆ ಒಂದು ಮಾತಿನ ಮೇಲೆ ಅವನ ಉಳಿದ ವಾರ ಸಾಗುತ್ತಿತ್ತು.

ಮಗಳು ಹುಟ್ಟಿದಾಗ ಇಬ್ಬರೂ ಸೇರಿ ಚಿನ್ನದ ಬಣ್ಣದ ಉಂಗುರವಿದ್ದ ಒಂದು ಡಬ್ಬಿ ಸಿಗಾರು ಕೊಂಡು ಅಂಗಡಿಯ ಮರದ ಕಪಾಟಿನಲ್ಲಿ ಇಟ್ಟಿದ್ದರು. ಹದವಾದ ತೇವದಲ್ಲಿ ವರ್ಷ ಕಳೆದಷ್ಟೂ ಅದರ ರುಚಿ ಮಾಗುತ್ತದಂತೆ. ಮಗಳು ದುಡಿಯಲು ಶುರು ಮಾಡಿದ ದಿನ ತೆರೆಯುವುದೆಂದು ಮಾತಾಗಿತ್ತು. ಕಪಾಟಿಗೆ ಬೀಗ ಕೂರಿಸಿದವನು ಇವನೇ. "ನಿನಗೂ ಒಂದು ಕೀಲಿ ಮಾಡ್ಕೊಳ್ಳೋ," ಎಂದು ಗೆಳೆಯ ಹೇಳಿದಾಗ, "ನಿನ್ನ ಹತ್ರ ಇದ್ರೆ ನನ್ನ ಹತ್ರ ಇದ್ದ ಹಾಗೇ," ಎಂದುಬಿಟ್ಟಿದ್ದ.

ಮಗಳು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದ ವಾರ, ಅವಳನ್ನೂ ಜೊತೆಗೆ ಕರೆದುಕೊಂಡು ಹೋದ. ಗೆಳೆಯ ಡಬ್ಬಿ ತೆರೆದು ಒಂದನ್ನು ಕೊಟ್ಟ, ತಾನು ಮಾತ್ರ ಗಂಟಲು ನೋವೆಂದು ಮುಟ್ಟಲಿಲ್ಲ. ಬೀಗದವನು ಹಚ್ಚಿ, ಕಣ್ಣು ಮುಚ್ಚಿ, ಹೊಗೆಯನ್ನು ಬಾಯಲ್ಲಿ ಆಡಿಸಿದ.

"ನೋಡು ಮಗಳೇ, ಇದು ನಿನ್ನ ವಯಸ್ಸಿನ ಹೊಗೆ. ಜೇನು ಇದೆ ಇದರಲ್ಲಿ. ಇಂಥದ್ದು ನಾನು ಜನ್ಮದಲ್ಲಿ ಸೇದಿಲ್ಲ."

ಬಿಸಿ ತಾಕಿದ ಮೇಲೆ ಉಂಗುರ ಜಾರಿಸಿದ. ಅದರ ಕೆಳಗೆ ಎಲೆಗೆ ಕಚ್ಚಿಕೊಂಡು ಕೆಂಪು ಕಾಗದದ ಒಂದು ಚೂರು ಉಳಿದಿತ್ತು. ಅಂಗಡಿಯ ಮುಂದೆ ಗಾಜಿನ ಭರಣಿಯಲ್ಲಿ ಲಾರಿಯವರಿಗೆಂದು ಇಟ್ಟಿರುವ ಅಗ್ಗದ ಸಿಗಾರಿನ ಉಂಗುರ ಅದೇ ಕೆಂಪು. ಅದನ್ನು ಕಿತ್ತು, ಮೇಲೆ ಚಿನ್ನದ ಬಣ್ಣದ್ದನ್ನು ತೊಡಿಸಿದ್ದರು. ಅವನು ಇನ್ನೊಂದನ್ನು ತೆಗೆದು ಉಗುರಿನಿಂದ ಕೆರೆದ. ಅಲ್ಲೂ ಅದೇ.

"ಡಬ್ಬಿಯಲ್ಲಿದ್ದವು ಎಲ್ಲಿ ಹೋದ್ವು?"

ಗೆಳೆಯ ನೆಲ ನೋಡಿದ. "ಒಂದೊಂದೇ ಸೇದಿಬಿಟ್ಟೆ. ಕೀಲಿ ಕೈಯಲ್ಲೇ ಇತ್ತು, ತಡ್ಕೊಳ್ಳೋಕಾಗಲಿಲ್ಲ. ಉಂಗುರ ಮಾತ್ರ ಎತ್ತಿಟ್ಕೊಂಡಿದ್ದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇಷ್ಟಕ್ಕೇ ಬಿಟ್ಟಿದ್ದರೆ ಒಂದು ಜಗಳವಾಡಿ ಮನೆಗೆ ಹೋಗಬಹುದಿತ್ತೇನೋ. ಆದರೆ ಒಂದು ಬೀಗ ಹುಸಿಯೆಂದು ತಿಳಿದ ಮೇಲೆ ಪಕ್ಕದ್ದನ್ನೂ ಅಲುಗಿಸಿ ನೋಡುವುದು ಅವನ ಕಸುಬಿನ ಗುಣ.

"ಭಾನುವಾರ ಭಾನುವಾರ ನನಗೆ ಕೊಡ್ತಿದ್ದದ್ದು?"

ಗೆಳೆಯ ಡಬ್ಬಿಯ ಮುಚ್ಚಳ ಮುಚ್ಚಿದ. "ಅದೂ ಇದೇ. ಮೊದಲನೇ ಸಲ ಉಂಗುರ ಕಳಚಿಹೋಗಿದ್ದನ್ನ ಕೈತಪ್ಪಿ ಕೊಟ್ಟೆ ಕಣೋ, ದೇವರಾಣೆ. ನೀನು ಬಾದಾಮಿ ಅಂದೆ. ಅಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಆಮೇಲೆ ಕೆಂಪು ಉಂಗುರ ಕಿತ್ತು ಕೊಡೋದೇ ರೂಢಿಯಾಗಿಹೋಯ್ತು."

ಬೀಗದವನು ಕೈಯಲ್ಲಿದ್ದ ಸಿಗಾರನ್ನು ನೋಡಿದ. ಈಗಷ್ಟೇ ಮಗಳ ಮುಂದೆ ಜೇನು ಎಂದಿದ್ದ. ಅವಳು ತನ್ನ ಚೀಲದ ಪಟ್ಟಿಯನ್ನು ಬಿಗಿ ಮಾಡುತ್ತ ಬೇರೆಲ್ಲೋ ನೋಡುತ್ತಿದ್ದಳು.

"ಕದ್ದು ಸೇದಿದ್ದು ಹಾಳಾಗಲಿ," ಎಂದ ಅವನು. "ನಾನು ಕಣ್ಣು ಮುಚ್ಚಿ ವರ್ಣನೆ ಮಾಡ್ತಾ ಇದ್ರೆ, ನೀನು ಎದುರಿಗೆ ಕೂತು ನನ್ನ ಮುಖ ನೋಡ್ತಿದ್ಯಲ್ಲ."

ಸಿಗಾರನ್ನು ಬೂದಿ ತಟ್ಟೆಯಲ್ಲಿ ಒತ್ತಿ ಆರಿಸಿ ಎದ್ದ. ಗೆಳೆಯ ಹೆಸರು ಹಿಡಿದು ಕರೆದ, ಅವನು ತಿರುಗಲಿಲ್ಲ.

ರಸ್ತೆಗೆ ಬಂದ ಮೇಲೆ ಮಗಳು ಅವನ ತೋಳು ಹಿಡಿದಳು. "ಅಪ್ಪಾ, ಅವರಿಗೆ ಸರಿಯಾಗಿ ಬೈದು ಬರಬೇಕಿತ್ತು ನೀವು."

"ಬೈಯೋಕೇನೋ ಬಾಯಿ ಇದೆ ಮಗಳೇ," ಎಂದ. "ಆದರೆ ನನ್ನನ್ನ ಹೊಗಳ್ತಿದ್ದವನು ಅವನೊಬ್ಬನೇ."