ಸೀಸದ ಪಾಲು

ಬೆಳಗಿನಿಂದ ವೆಸ್ಟಾ ಹಿತ್ತಿಲಿನ ಒಲೆ ಬಿಟ್ಟು ಏಳಲಿಲ್ಲ. ಸೀಸ ಕರಗಿಸುವುದು, ಅಚ್ಚಿಗೆ ಹೊಯ್ಯುವುದು, ಗುಂಡನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಪಾತ್ರೆಗೇ ಎಸೆಯುವುದು. ನೋಡಿ ನೋಡಿ ನನ್ನ ತಲೆ ಕೆಟ್ಟುಹೋಯಿತು.

"ಆ ಗುಂಡಿಗೇನಾಗಿದೆ?"

"ತುಂಬಾ ನುಣ್ಣಗಿದೆ, ಐಸಿ ಅಕ್ಕ. ನನಗೆ ಸುಕ್ಕು ಬಿದ್ದಿದ್ದು ಬೇಕು, ಗುರಿ ತಪ್ಪೋ ಅಂಥದ್ದು."

ನನ್ನ ತಮ್ಮ ಡೆಲ್ಮರ್ ಈ ವಸಂತದಲ್ಲಿ ತೀರಿಕೊಂಡ. ಅವನ ಹೆಂಡತಿ ಇವಳು, ಇವತ್ತಿನ ಪಂದ್ಯದಲ್ಲಿ ಐದನೆಯವಳಾಗಲು ಹೊರಟಿದ್ದಳು. ನಮ್ಮ ಕಣಿವೆಯಲ್ಲಿ ಕೋವಿ ಪಂದ್ಯ ನಡೆಯುವುದು ಒಂದು ಹೋರಿಗಾಗಿ. ನಾಲ್ವರಿಗೆ ಮಾಂಸದ ನಾಲ್ಕು ಪಾಲು. ಗುರಿಹಲಗೆಯ ಹಿಂದಿನ ದಿಮ್ಮಿ ಲಡ್ಡಾಗಿ, ಅದನ್ನು ಸೀಳಿ ತೆಗೆಯುವ ವರ್ಷ ಐದನೆಯವರಿಗೂ ಒಂದು ಪಾಲುಂಟು, ದಿಮ್ಮಿಯೊಳಗೆ ಹೂತ ಸೀಸ. ಈ ಸಲ ಅದು ಲಡ್ಡಾಗಿತ್ತು. ಡೆಲ್ಮರ್ ಹೊಡೆದ ಗುಂಡುಗಳೆಲ್ಲ ಅದರೊಳಗಿದ್ದವು.

"ಹೋಬರ್ಟ್‌ನ ಕೇಳಿದ್ರೆ ಕೊಡಲ್ವಾ?" ಪಂದ್ಯ ನಡೆಸುವವನು ಅವನೇ.

"ಕೊಡ್ತಾನೆ, ಪಾಪ ವಿಧವೆ ಅಂತ. ಹಾಗೆ ಬೇಡ."

ನಳಿಗೆಗೆ ತುಂಬುವಾಗ ಗುಂಡಿಗೆ ಸುತ್ತುವ ದಿಂಬಿನ ಬಟ್ಟೆಯನ್ನೂ ಬೇಕೆಂದೇ ವಾರೆಯಾಗಿ ಕತ್ತರಿಸಿದಳು. ಇಷ್ಟೆಲ್ಲ ಮಾಡಿದ್ದು ಯಾಕೆಂದರೆ, ಅವಳ ಕೈ ಡೆಲ್ಮರನನ್ನೇ ಸೋಲಿಸಿದ ಕೈ.

ಬಯಲಿನಲ್ಲಿ ನಿಂತಲ್ಲಿ ನಿಲ್ಲಲಿಲ್ಲ ಅವಳು. ಪ್ರತಿಯೊಬ್ಬರ ಏಟಿಗೂ ಕತ್ತು ಚಾಚಿ ನೋಡುತ್ತಿದ್ದಳು. ತನ್ನ ಸರದಿ ಬಂದಾಗ ಸುಕ್ಕು ಗುಂಡನ್ನು ಕೋಲಿನಿಂದ ನಳಿಗೆಯೊಳಕ್ಕೆ ದೂಡಿ, ಹೊಡೆದಳು. ಹೋಬರ್ಟ್ ಹಲಗೆಯ ಹತ್ತಿರ ಹೋಗಿ ದಾರ ಹಿಡಿದು ಅಳೆದ.

"ವೆಸ್ಟಾ ಮೊದಲು. ನಟ್ಟನಡುವೆ ಹೊಡೆದಿದ್ದಾಳೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮುಖ ಬಿಳಿಚಿಕೊಂಡಿತು. ನನಗೆ ಸಿಟ್ಟು ನೆತ್ತಿಗೇರಿತು.

"ಸುಕ್ಕು ಗುಂಡಲ್ಲೂ ಗೆಲ್ಲೋ ದರ್ದು ಏನಿತ್ತೇ ನಿನಗೆ?"

"ಡೆಲ್ಮರ್ ಹಿಂದೆ ನಿಂತು 'ಉಸಿರು ಬಿಡು' ಅಂದ ಹಾಗಾಯ್ತು. ಕೈ ನನ್ನ ಮಾತು ಕೇಳಲಿಲ್ಲ."

ಐದನೆಯವನಾದ ಕಾಯ್ ಆಗಲೇ ಕೊಡಲಿ ಹಿಡಿದು ದಿಮ್ಮಿಯ ಕಡೆ ಹೊರಟಿದ್ದ. ನನಗೆ ಅಳುವೇ ಬಂತು.

"ಗೆದ್ದವರು ಮೊದಲು ಆರಿಸ್ಕೋಬೇಕು," ಹೋಬರ್ಟ್ ಕೂಗಿದ. "ಹಿಂತೊಡೇನೇ ತಾನೆ ವೆಸ್ಟಾ?" ಗೆದ್ದವರು ಯಾವತ್ತೂ ಹಿಂತೊಡೆ ಬಿಟ್ಟು ಬೇರೆ ಕೇಳಿದ್ದಿಲ್ಲ.

ವೆಸ್ಟಾ ಥಟ್ಟನೆ ಅವನ ಕಡೆ ತಿರುಗಿದಳು. "ಯಾವ ಪಾಲಾದರೂ ಸರೀನಾ?"

"ಯಾವುದಾದರೂ."

"ಹಾಗಾದರೆ ಸೀಸ."

ಯಾರೋ ನಕ್ಕರು. ಕಾಯ್ ಬಂದು ಕೊಡಲಿಯನ್ನು ಅವಳ ಕೈಗಿತ್ತ.

"ಅದರೊಳಗೆ ನನ್ನವೂ ಇವೆ ಕಣಮ್ಮ, ಇಡೀ ಊರಿನವು ಇವೆ. ಡೆಲ್ಮರಂದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ," ಅಂದಳು ವೆಸ್ಟಾ. "ಎಲ್ಲಾನೂ ತಗೊಂಡು ಹೋಗ್ತೀನಿ."